ಗಂಡಭೇರುಂಡದ ಪಡೆಯ ಪುಟ್ಟ ವಿಮಾನ

ಬೇಸಗೆಯ ರಜೆ ಬಂದಿತೆಂದರೆ ಮಕ್ಕಳ ಕೈಗೆ ಯಾವ ಕೆಲಸವನ್ನು ಕೊಡಬೇಕೆಂಬ ಚಿಂತೆ ಪ್ರತಿಯೊಂದು ಮನೆಯಲ್ಲಿಯೂ ತಲೆದೋರುವುದು. ಪಾಠಗಳು ಮುಗಿದಿರುತ್ತವೆ; ಆಡುವುದಕ್ಕೆ ಬಯಲಿಲ್ಲ; ಬಿಸಿಲೇರಿದ ಮೇಲೆ ಬೀದಿಗೆ ಕಳುಹಿಸುವುದಕ್ಕೆ ತಾಯಂದಿರಿಗೆ ಮನಸ್ಸು ಬಾರದು. ಬೆಂಗಳೂರಿನ ಪಶ್ಚಿಮಭಾಗದ ಬಡಾವಣೆಗಳಾದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಕೆಲವರು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿರುವುದನ್ನು ನಾವು ನೋಡಿದ್ದೇವೆ. ಯುದ್ಧಕಾಲದ ಹೋರಾಟದ ವಿಮಾನವೊಂದನ್ನು ಅಂಗೈಯಗಲಕ್ಕೆ ಇಳಿಸಿ, ಅದರ ಬಿಡಿಭಾಗಗಳನ್ನು ಕೂಡಿಸಿ, ಬಣ್ಣ ಹಚ್ಚಿ, ಕಪಾಟಿನಲ್ಲಿ ನಿಲ್ಲಿಸುವುದೇ ಆ ಕೆಲಸ. ಇದು ಹುಡುಗರಿಗೆ ಮಾತ್ರ ಮೀಸಲೆಂದು ಯಾರೂ ಭಾವಿಸಬೇಕಾಗಿಲ್ಲ. ರಂಗವಲ್ಲಿಯ ಎಳೆಯನ್ನು ಕೈನಡುಗದೆ ಎಳೆಯಬಲ್ಲ ಹೆಣ್ಣುಮಕ್ಕಳು ಈ ಕೆಲಸದಲ್ಲಿ ಹುಡುಗರನ್ನು ಹಿಂದೆ ಹಾಕುವರೆಂಬುದು ನಮ್ಮ ಅನುಭವ.

ಇದನ್ನು ಆಟಿಕೆಯೆಂದು ಕರೆಯುವುದು ಸರಿಯಲ್ಲ. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಚನ್ನಪಟ್ಟಣ ಸಿಕ್ಕುವುದಷ್ಟೆ. ಅಲ್ಲಿಯ ಕುಶಲಿಗಳು ಮರವನ್ನು ಕಡೆದು, ಅರಗಿನ ಬಣ್ಣ ಕೊಟ್ಟು ಮಾಡುವ ಕುದುರೆ ನಿಜವಾದ ಕುದುರೆಯಂತೆ ಇರಬೇಕೆಂದು ಯಾರೂ ಬಯಸುವುದಿಲ್ಲ. ಮಗುವಿನ ಕಣ್ಣಿಗೆ ಹಿತವಾಗಿದ್ದರೆ ಸಾಕು. ಪ್ರತಿಕೃತಿಯ ಧರ್ಮವೇ ಬೇರೆ. ಅದು ಮೂಲಕ್ಕೆ ನಿಷ್ಠವಾಗಿರಬೇಕು. ಮೂಲದಲ್ಲಿ ಇಲ್ಲದ ಒಂದು ಗೆರೆಯನ್ನು ಅಂದಕ್ಕಾಗಿ ಸೇರಿಸುವ ಹಾಗಿಲ್ಲ. ಇರುವ ಗೆರೆಯನ್ನು ಸೋಮಾರಿತನದಿಂದ ಬಿಡುವ ಹಾಗೂ ಇಲ್ಲ.

ಯಾವ ವಿಮಾನವನ್ನು ಆರಿಸಿಕೊಳ್ಳಬೇಕು? ಬಹುಮಂದಿ ಮೊದಲು ಕೈಹಾಕುವುದು ಇಂಗ್ಲೆಂಡಿನ ಸ್ಪಿಟ್‌ಫೈರ್ ವಿಮಾನಕ್ಕೆ. ಅದರ ಚೆಲುವೇ ಅದಕ್ಕೆ ಕಾರಣ. ಆರ್. ಜೆ. ಮಿಚೆಲ್ ಎಂಬ ಶಿಲ್ಪಿ ರೂಪಿಸಿದ ಈ ವಿಮಾನ 1936ರ ಮಾರ್ಚ್ 5ರಂದು ಮೊದಲ ಸಲ ಹಾರಿತು. ಮರುವರ್ಷವೇ, ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ, ಮಿಚೆಲ್ ತೀರಿಕೊಂಡನು. ತನ್ನ ಕೃತಿ ಯುದ್ಧದಲ್ಲಿ ಏನು ಮಾಡಿತೆಂಬುದನ್ನು ಕಾಣುವ ಯೋಗ ಅವನಿಗಿರಲಿಲ್ಲ. ಆಮೇಲೆ ಆ ವಿಮಾನ ಇಪ್ಪತ್ತಕ್ಕೂ ಮೇಲ್ಪಟ್ಟ ಅವತಾರಗಳನ್ನು ಎತ್ತಿತು; ಇಪ್ಪತ್ತು ಸಾವಿರಕ್ಕೂ ಮಿಕ್ಕು ವಿಮಾನಗಳು ತಯಾರಾದುವು. ಆದರೆ ನಮ್ಮ ಸೀಮೆಯವರು ಇದನ್ನು ಆರಿಸಿಕೊಳ್ಳುವುದಕ್ಕೆ ಅದರ ಚೆಲುವನ್ನು ಮೀರಿದ ಇನ್ನೊಂದು ಕಾರಣವುಂಟು. ಅದನ್ನು ಬಲ್ಲವರು ಕಡಿಮೆಯಾದುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವೆವು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಸೇನೆಗೆ ವಿಮಾನಗಳನ್ನು ಒದಗಿಸುವುದಕ್ಕಾಗಿ ಸಾಮ್ರಾಜ್ಯದ ಎಲ್ಲೆಡೆಗಳಿಂದಲೂ ಕಾಣಿಕೆಯನ್ನು ಎತ್ತಿದರು. ಒಂದು ಸ್ಪಿಟ್‌ಫೈರಿಗೆ ಐದು ಸಾವಿರ ಪೌಂಡುಗಳೆಂದು ಲೆಕ್ಕ ಕಟ್ಟಿದ್ದರು. ದೇಶೀಯ ಸಂಸ್ಥಾನಗಳೂ ಕೊಟ್ಟವು. ಹೆಚ್ಚಾಗಿ ಕೊಟ್ಟವರ ಹೆಸರನ್ನು ಇಡಿಯ ಪಡೆಗೇ ಇಡುವ ಪದ್ಧತಿಯಿದ್ದಿತು. ಹೈದರಾಬಾದಿನ ಹೆಸರಿನ ಪಡೆಗಳು ಇದ್ದಂತೆ, ಮೈಸೂರು ಸಂಸ್ಥಾನದ ಕಾಣಿಕೆಯ ಗುರುತಾಗಿ 129ನೆಯ ಪಡೆ ‘ಮೈಸೂರು ಪಡೆ’ ಎಂಬ ಹೆಸರನ್ನು ಹೊತ್ತಿತು. 1941ರ ಜೂನ್ ತಿಂಗಳಿನಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡ್ ಎಂಬಲ್ಲಿ ಅದು ಸ್ಪಿಟ್‌ಫೈರುಗಳೊಡನೆ ರೂಪುಗೊಂಡಿತು. ಆಗಸ್ಟಿನಲ್ಲಿ ದಕ್ಷಿಣದ ಕಡಲತೀರದ ಕಡೆಗೆ ಬಂದು ಕಾಲುವೆಯಾಚೆಯ ಫ್ರಾನ್ಸಿನ ಮೇಲೆ ಹಾರತೊಡಗಿತು. ಅದರ ಲಾಂಛನ ಯಾವುದೆಂದು ಬಲ್ಲಿರಾ? ನಮ್ಮ ಗಂಡಭೇರುಂಡ! ಮೈಸೂರು ಅರಮನೆಯ ಧ್ವಜದ ಮೇಲೆಯೂ, ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿಯೂ ಕಾಣುವ ಆ ಎರಡು ತಲೆಯ ಹಕ್ಕಿಯೇ. ನ್ಯಾಯವನ್ನು ಕಾಪಾಡುವೆನೆಂಬ ಅರ್ಥದ ಮಾತು ಅದರ ಧ್ಯೇಯವಾಕ್ಯ. 1942ರ ಆಗಸ್ಟ್ 19ರಂದು ಡಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಈ ಪಡೆಯೂ ಇದ್ದಿತು. 1944ರಲ್ಲಿ ಮಸ್ಟಾಂಗ್ ವಿಮಾನಗಳನ್ನು ಪಡೆದು, ಲಂಡನ್ನಿನ ಮೇಲೆ ಜರ್ಮನರು ಬಿಡುತ್ತಿದ್ದ ಚಾಲಕನಿಲ್ಲದ ಹಾರುವ ಬಾಂಬುಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆದುರುಳಿಸುವ ಕೆಲಸವನ್ನು ಮಾಡಿತು.

ಇನ್ನು ಕಟ್ಟುವ ವಿಧಾನ. ಈ ಪ್ರತಿಕೃತಿಗಳ ಬಿಡಿಭಾಗಗಳು ಇಂಗ್ಲೆಂಡಿನ ಏರ್‌ಫಿಕ್ಸ್, ಜಪಾನಿನ ತಮಿಯಾ ಮುಂತಾದ ತಯಾರಕರ ಪೆಟ್ಟಿಗೆಗಳಲ್ಲಿ ಬರುವುವು. ಹೆಚ್ಚು ರೂಢಿಯಲ್ಲಿರುವ ಪ್ರಮಾಣ ಎಪ್ಪತ್ತೆರಡರಲ್ಲಿ ಒಂದು. ಇದು ಕೇಳುವುದಕ್ಕೆ ವಿಚಿತ್ರವಾದ ಸಂಖ್ಯೆಯಾದರೂ ಇದರ ಹಿಂದಿನ ಲೆಕ್ಕ ಸರಳ: ಆರು ಅಡಿಗೆ ಒಂದು ಅಂಗುಲ. ಆರಡಿಯ ಆಳು ಒಂದಂಗುಲದ ಗೊಂಬೆಯಾಗುವನು. ಐದನೆಯ ಅವತಾರದ ಸ್ಪಿಟ್‌ಫೈರಿನ ರೆಕ್ಕೆಯ ಹರವು 36 ಅಡಿ 10 ಅಂಗುಲ, ಉದ್ದ 29 ಅಡಿ 11 ಅಂಗುಲ. ಪ್ರತಿಕೃತಿಯಲ್ಲಿ ಇವು ಆರು ಅಂಗುಲದ ಮೇಲೆ ಚೂರು ಮತ್ತು ಐದು ಅಂಗುಲ ಆಗುವುವು. ಕಣ್ಣು ಮಂಜಾದ ಹಿರಿಯರಿಗೆ ನಲವತ್ತೆಂಟರಲ್ಲಿ ಒಂದರ ಪ್ರಮಾಣವೇ ಲೇಸು. ಅದರಲ್ಲಿ ರೆಕ್ಕೆ ಒಂಬತ್ತು ಅಂಗುಲವನ್ನು ಮೀರುವುದು.

ಪೆಟ್ಟಿಗೆಯನ್ನು ತೆರೆದರೆ ಬೂದುಬಣ್ಣದ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡಿರುವ ನೂರಾರು ಚೂರುಗಳು ಕಾಣುವುವು. ಅವನ್ನು ಮುರಿದು ತೆಗೆಯಲಾಗದು, ಕತ್ತರಿಸಿ ತೆಗೆಯಬೇಕು. ಬಳಿಕ ಉಳಿದ ಗಂಟನ್ನು ಉಪ್ಪುಕಾಗದದಿಂದ ಉಜ್ಜಬೇಕು. ಉಪಕರಣಗಳಿಗಾಗಿ ಹಣ ಸುರಿಯಬೇಕಾಗಿಲ್ಲ. ಹರಿತವಾದ ಒಂದು ಸಣ್ಣ ಚಾಕು, ಒಂದು ಚಿಮಟ, ಒಂದು ಅರ, ಎರಡು ಮೂರು ಕುಂಚಗಳು ಇವನ್ನು ಕೊಂಡರೆ ಉಳಿದುದೆಲ್ಲ ಮನೆಯಲ್ಲಿಯೇ ಇರುವುದು. ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳು ಅಂಟು ಆರುವವರೆಗೆ ರೆಕ್ಕೆಯನ್ನು ಹಿಡಿದುಕೊಳ್ಳುವುವು. ತೆಂಗಿನ ಗರಿಯ ಪೊರಕೆಯ ಕಡ್ಡಿಗೆ ಚಿಕ್ಕ ಚೂರನ್ನು ಅಂಟಿಸಿಕೊಂಡರೆ ಬಣ್ಣ ಹಚ್ಚುವುದಕ್ಕೆ ಹಿಡಿ ಸಿಕ್ಕುವುದು. ಚಾಕುವನ್ನು ಹತ್ತು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು. ಅಂಟಿನ ಆವಿಯೂ ಒಳ್ಳೆಯದಲ್ಲ; ಕಿಟಕಿ ತೆರೆದ ಕೋಣೆಯಲ್ಲಿಯೇ ಕೆಲಸ ನಡೆಯಬೇಕು.

ಮೊದಲು ಮಾಡಬೇಕಾದುದು ಚಾಲಕನು ಕುಳಿತುಕೊಳ್ಳುವ ಗೂಡು. ಏಕೆಂದರೆ ಒಡಲಿನ ಎರಡು ಹೋಳುಗಳು ಕೂಡಿದ ಮೇಲೆ ಒಳಗೆ ಕುಂಚ ಹೋಗದು. ಗೂಡಿನ ಗೋಡೆಗಳಿಗೆ ಹಸಿರು ಬೆರೆತ ಬೂದುಬಣ್ಣ. ಆಸನ ಮಾತ್ರ ಕೆಂಪು ಮಿಶ್ರಿತ ಕಂದು, ಏಕೆಂದರೆ ಹಲವು ಸ್ಪಿಟ್‌ಫೈರುಗಳಲ್ಲಿ ಅದು ಲೋಹದ್ದಾಗಿರದೆ ಕಾಗದ ಮತ್ತು ರಾಳಗಳನ್ನು ಒತ್ತಿ ಮಾಡಿದ್ದು. ಮುಚ್ಚಿದ ಮೇಲೆ ಇದೆಲ್ಲ ಎಷ್ಟು ಕಾಣುವುದು? ಬಹುಮಟ್ಟಿಗೆ ಕಾಣದು. ಆದರೂ ಮಾಡುವರು.

ಮೊದಲನೆಯ ಸಲ ಕಟ್ಟುವವರು ಒಂದು ಸ್ಥಳದಲ್ಲಿ ತಪ್ಪದೆ ಗಾಬರಿಗೊಳ್ಳುವರು. ಐದನೆಯ ಅವತಾರದ ವಿಮಾನವನ್ನು ತಲೆಕೆಳಗಾಗಿಸಿ ನೋಡಿದರೆ ಬಲರೆಕ್ಕೆಯ ಕೆಳಗೆ ದೊಡ್ಡದೊಂದು ಪೆಟ್ಟಿಗೆಯೂ ಎಡರೆಕ್ಕೆಯ ಕೆಳಗೆ ಸಣ್ಣದೊಂದು ಕೊಳವೆಯೂ ಇರುವುವು. ತಯಾರಕರು ಚೂರುಗಳನ್ನು ತಪ್ಪಾಗಿ ಕಳುಹಿಸಿದರೆಂದು ಹಲವರು ಹಲುಬುವುದುಂಟು. ಅದು ತಪ್ಪಲ್ಲ. ದೊಡ್ಡದು ಯಂತ್ರದ ನೀರನ್ನು ತಣಿಸುವುದು, ಚಿಕ್ಕದು ಎಣ್ಣೆಯನ್ನು ತಣಿಸುವುದು. ಒಂಬತ್ತನೆಯ ಅವತಾರದಲ್ಲಿ ಯಂತ್ರದ ಬಲ ಹೆಚ್ಚಿದುದರಿಂದ ಎರಡೂ ಕಡೆ ಸಮನಾದುವು. ಮೂಗಿನ ಪ್ರೊಪೆಲ್ಲರಿಗೂ ಮೂರರ ಬದಲು ನಾಲ್ಕು ಅಲಗುಗಳು ಬಂದುವು.

ಒಡಲೂ ರೆಕ್ಕೆಗಳೂ ಕೂಡಿದ ಬಳಿಕ ಬಣ್ಣದ ಕೆಲಸ. ಪ್ರತಿಕೃತಿಯ ಜೀವವೆಲ್ಲ ಇರುವುದು ಇಲ್ಲಿಯೇ. 1941ರ ಬೇಸಗೆಯವರೆಗೆ ಬ್ರಿಟಿಷ್ ಹೋರಾಟದ ವಿಮಾನಗಳ ಮೇಲುಮೈ ಕಡುಹಸಿರು ಮತ್ತು ಮಣ್ಣುಕಂದು ಪಟ್ಟೆಗಳಿಂದ ಕೂಡಿರುತ್ತಿದ್ದಿತು. ಕೆಳಗಿನ ಹೊಲಗಳೊಡನೆ ಬೆರೆತುಹೋಗಲೆಂಬುದು ಉದ್ದೇಶ. ಕಾಳಗ ಕಡಲಿನ ಮೇಲಕ್ಕೂ ಬಹು ಎತ್ತರಕ್ಕೂ ಸರಿದಾಗ ಮಣ್ಣಿನ ಬಣ್ಣ ನಿರುಪಯೋಗವಾಯಿತು. ಆ ವರ್ಷದ ಆಗಸ್ಟಿನಲ್ಲಿ ಕಂದನ್ನು ತೆಗೆದು ಬೂದನ್ನು ಇಟ್ಟರು. ಮೈಸೂರು ಪಡೆ ಹುಟ್ಟಿದುದು ಈ ಎರಡು ಕಾಲಗಳ ಸಂಧಿಯಲ್ಲಿ. ಆದುದರಿಂದ ‘ಮೈಸೂರು ಸ್ಪಿಟ್‌ಫೈರು’ ಎಂದರೆ ಸಾಲದು. ಯಾವ ತಿಂಗಳಿನದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು.

ಡಿಯೆಪ್ಪಿನ ಕಾಲದ ವಿಮಾನವೆಂದು ಇಟ್ಟುಕೊಳ್ಳೋಣ. ಮೇಲುಮೈಗೆ ಎರಡು ಬಣ್ಣ: ಒಂದು ಹಳೆಯ ಮಾವಿನೆಲೆಯ ಕಡುಹಸಿರು, ಇನ್ನೊಂದು ಒದ್ದೆಯಾದ ಸ್ಲೇಟಿನ ಬೂದು. ಹೊಟ್ಟೆಗೆ ತಿಳಿಯಾದ ಬೂದು, ಹೆಚ್ಚುಕಡಿಮೆ ವಿಭೂತಿಗಟ್ಟಿಗೆ ತುಸು ಇದ್ದಿಲು ಬೆರಸಿದಂತೆ. ಬಾಲದ ಬಳಿ ಒಡಲನ್ನು ಸುತ್ತುವ ಪಟ್ಟಿಗೂ ಮೂಗಿನ ಟೊಪ್ಪಿಗೆಗೂ ಅಕ್ಷರಗಳಿಗೂ ಬಳಸಿದ ಬಣ್ಣದ ಹೆಸರು ‘ಆಕಾಶ’. ಇದನ್ನು ಕೇಳಿ ನೀಲಿಯನ್ನು ಹಚ್ಚಿದವರು ಎಷ್ಟೋ ಮಂದಿ! ಇಂಗ್ಲೆಂಡಿನವರ ಆ ಆಕಾಶ ನಸುಹಸಿರು. ನಮ್ಮ ಹಿತಕಿದ ಅವರೆಬೇಳೆಯ ಬಣ್ಣ. ಅಡುಗೆಮನೆಯಿಂದ ನಾಲ್ಕು ಬೇಳೆಯನ್ನು ತಂದು ಪಕ್ಕದಲ್ಲಿರಿಸಿಕೊಂಡರೆ ಬಣ್ಣದ ಡಬ್ಬಿಯ ಮೇಲಣ ಹೆಸರಿಗಿಂತ ಹೆಚ್ಚು ನೆರವಾಗುವುದು. ರೆಕ್ಕೆಯ ಮುಂದಂಚಿಗೆ ಹಳದಿಯ ಎಳೆ. ಎದುರಿನಿಂದ ಬರುವ ಸ್ವಂತ ಪಡೆಯವರು ಗುರುತಿಸಲೆಂದು. ಬಂದೂಕಿನ ರಂಧ್ರಗಳ ಮೇಲೆ ಕೆಂಪು ಬಟ್ಟೆಯ ಚಿಕ್ಕ ತೇಪೆಗಳು, ಧೂಳೂ ಹಿಮವೂ ಒಳಗೆ ಹೋಗದಿರಲೆಂದು. ಗುಂಡು ಹಾರಿಸಿ ಹಿಂದಿರುಗಿದ ವಿಮಾನದಲ್ಲಿ ಆ ತೇಪೆಗಳು ಹರಿದಿರುತ್ತಿದ್ದುವು.

ಸಣ್ಣ ವಸ್ತುವಿನ ಮೇಲೆ ಬಣ್ಣ ಇರುವುದಕ್ಕಿಂತ ಗಾಢವಾಗಿ ತೋರುವುದರಿಂದ ಪ್ರತಿಯೊಂದಕ್ಕೂ ಒಂದೆರಡು ಹನಿ ಬಿಳಿ ಬೆರಸುವುದು ರೂಢಿ. ದಪ್ಪವಾಗಿ ಒಂದು ಸಲ ಬಳಿಯುವುದಕ್ಕಿಂತ ನೀರಾಗಿ ಮೂರು ಸಲ ಬಳಿಯುವುದು ಮೇಲು. ಮಳೆಗಾಲದಲ್ಲಿ ಮಾತ್ರ ಮೆರುಗೆಣ್ಣೆಯ ಕೆಲಸವನ್ನು ಹಚ್ಚಿಕೊಳ್ಳಬಾರದು. ಗಾಳಿಯ ತೇವವನ್ನು ಹೀರಿ ಅದು ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಗುವುದು. ಮಾಗಡಿ ರಸ್ತೆಯ ಪಕ್ಕದ ಮನೆಗಳವರು ಧೂಳಿಗೂ ಅಂಜಬೇಕು. ಬಣ್ಣ ಆರುವವರೆಗೆ ಒಂದು ಬೋಗುಣಿಯನ್ನು ಕವುಚಿಟ್ಟರಾಯಿತು. ಅದಾದ ಮೇಲೆ ವರ್ತುಲಚಿಹ್ನೆಗಳನ್ನೂ ಅಕ್ಷರಗಳನ್ನೂ ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ ಅಂಟಿಸಬೇಕು. ಮೈಸೂರು ಪಡೆಯ ವಿಮಾನಗಳ ಮೇಲೆ ಇಂಗ್ಲಿಷಿನ ‘ಡಿ’ ಮತ್ತು ‘ವಿ’ ಅಕ್ಷರಗಳಿದ್ದುವು. ಚಿಹ್ನೆಯ ಇನ್ನೊಂದು ಬದಿಯಲ್ಲಿ ಆಯಾ ವಿಮಾನದ ಸ್ವಂತ ಅಕ್ಷರ. ಹೊಗೆಕೊಳವೆಗಳ ಹಿಂದಿನ ಮಸಿಗೆ ಇದ್ದಿಲಿನ ಪುಡಿಯೇ ಸಾಕು, ಬೆರಳತುದಿಯಲ್ಲಿ ಹಿಂದಕ್ಕೆ ಸವರಿದರೆ ನಿಜವಾಗಿ ಹಾರಿಬಂದಂತೆ ತೋರುವುದು.

ಬಸವೇಶ್ವರನಗರದಲ್ಲಿರುವ ನಮ್ಮ ಅಕ್ಕನ ಮಗ ಹದಿನಾಲ್ಕು ವರ್ಷದ ಹುಡುಗ. ಈ ವಿಮಾನವನ್ನು ಕಟ್ಟುವಾಗ ಅವನಿಗೆ ಒಂದು ಆಸೆ ಹುಟ್ಟಿತು: ಬಾಲದ ಮೇಲೆ ದೊಡ್ಡದಾಗಿ ಚಿನ್ನದ ಬಣ್ಣದ ಗಂಡಭೇರುಂಡವನ್ನು ಬರೆಯಬೇಕು. ಆದರೆ ಅವನು ಆರಿಸಿಕೊಂಡಿದ್ದ ವಿಮಾನದ ಛಾಯಾಚಿತ್ರದಲ್ಲಿ ಬಾಲದ ಮೇಲೆ ಹಕ್ಕಿಯಿರಲಿಲ್ಲ. ಛಾಯಾಚಿತ್ರದಲ್ಲಿ ಕಾಣದುದನ್ನು ಮೈಮೇಲೆ ಬರೆಯಕೂಡದೆಂಬುದು ಈ ಕಲೆಯ ಕಟ್ಟುನಿಟ್ಟು. ಹಕ್ಕಿಯನ್ನು ಕೆಳಗಿನ ಮರದ ಪೀಠದ ಮೇಲೆ ಬರೆಯಬಹುದೆಂದು ಹೇಳಿದೆವು. ಹುಡುಗ ಮುಖ ಊದಿಸಿಕೊಂಡರೂ ಒಪ್ಪಿದನು. ಆಗ ಅಲ್ಲಿದ್ದವರು ನೆರೆಮನೆಯ ಹಿರಿಯರು, ಎಂಬತ್ತು ದಾಟಿದವರು. ಅವರ ತಂದೆ ಯುದ್ಧಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ರಿವೆಟ್ಟು ಹೊಡೆಯುತ್ತಿದ್ದವರು.

“ಇದು ಯಾರ ವಿಮಾನ, ಮಗು?” ಎಂದು ಅವರು ಕೇಳಿದರು.

“ನಮ್ಮ ಮೈಸೂರಿನದು, ತಾತ. ಮಹಾರಾಜರು ಕೊಟ್ಟದ್ದು.”

“ಮಹಾರಾಜರು ಯಾರ ದುಡ್ಡು ಕೊಟ್ಟರಪ್ಪ? ದುಡ್ಡು ನಮ್ಮದು, ವಿಮಾನ ಅವರದು.”

ಹುಡುಗನಿಗೆ ಉತ್ತರ ತೋಚಲಿಲ್ಲ. ನಮಗೂ ಅದು ಸುಲಭವಾಗಿರಲಿಲ್ಲವೆಂದು ಹೇಳಬೇಕು. ಏಕೆಂದರೆ ಡಿಯೆಪ್ಪಿನ ಮೇಲೆ ಗಂಡಭೇರುಂಡದ ಪಡೆ ಹಾರಿದ 1942ರ ಆ ಆಗಸ್ಟು, ಇಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ಕೂಗು ಎದ್ದ ಆಗಸ್ಟೂ ಹೌದು. ಮುಂದಿನ ತಿಂಗಳು ಇದೇ ಮೈಸೂರು ಸಂಸ್ಥಾನದ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮ ಹಳ್ಳಿಯನ್ನು ಸ್ವತಂತ್ರವೆಂದು ಸಾರಿದರು. 1943ರ ಮಾರ್ಚಿಯಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ನ್ಯಾಯವನ್ನು ಕಾಪಾಡುವೆನೆಂಬ ಧ್ಯೇಯವಾಕ್ಯವನ್ನು ಪೀಠದ ಮೇಲೆ ಬರೆಯುವ ಕೈ ಇದನ್ನೂ ತಿಳಿದಿರಬೇಡವೆ? ಹಾಗೆಂದು, ನಾಜಿಗಳನ್ನು ತಡೆದ ಆ ಯುವಕರ ಸಾಹಸವನ್ನು ಹಗುರಾಗಿ ಕಾಣುವುದೂ ನಮಗೆ ಸಮ್ಮತವಲ್ಲ. ಎರಡೂ ನಡೆದುವು; ಒಂದೇ ಕಾಲದಲ್ಲಿ, ಒಂದೇ ಸಂಸ್ಥಾನದ ಹೆಸರಿನಲ್ಲಿ.

ಹಿರಿಯರ ಮನಸ್ಸಿನಲ್ಲಿದ್ದ ವಿಮಾನ ಬೇರೆ. 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರ್ಕಾರ ಭೂಮಿಯನ್ನು ಕೊಟ್ಟುದಲ್ಲದೆ 25 ಲಕ್ಷ ರೂಪಾಯಿಗಳನ್ನು ಮೂಲಧನಕ್ಕೆ ಸೇರಿಸಿತು. 1941ರಲ್ಲಿ ಹಾರ್ಲೋ ಎಂಬ ಅಭ್ಯಾಸದ ವಿಮಾನವೂ, 1942ರ ಜುಲೈ ತಿಂಗಳಿನಲ್ಲಿ ಕರ್ಟಿಸ್ ಹಾಕ್ ಎಂಬ ಅಮೆರಿಕನ್ ಮಾದರಿಯ ಹೋರಾಟದ ವಿಮಾನವೂ ಇಲ್ಲಿ ಜೋಡಣೆಗೊಂಡು ಹಾರಿದುವು. ಹಾಕುಗಳು ಹೊರಬಂದುದು ಕೆಲವೇ. ಆ ವೇಳೆಗೆ ಕಾರ್ಖಾನೆ ಭಾರತ ಸರ್ಕಾರದ ಕೈಸೇರಿ, ಮುಂದೆ ಅಮೆರಿಕನ್ ಸೇನೆಯ ವಿಮಾನಗಳ ದುರಸ್ತಿಯಲ್ಲಿ ಮುಳುಗಿತು. ರಿವೆಟ್ಟು ಹೊಡೆದ ಕೈಗಳಿಗೆ ಆ ಹಾಕೇ ‘ನಮ್ಮ ವಿಮಾನ’. ಅದರ ಪ್ರತಿಕೃತಿಯನ್ನೂ ಕಟ್ಟಬಹುದು. ಕೊಂಡ ಪೆಟ್ಟಿಗೆಯಲ್ಲಿ ಬೇರೆ ದೇಶಗಳ ಚಿಹ್ನೆಗಳಿರುವುದರಿಂದ ಕೈಯಿಂದಲೇ ಬರೆಯಬೇಕಾಗುವುದು. ಶ್ರಮ ಹೆಚ್ಚು, ಆದರೂ ನಾವು ಹುಡುಗನಿಗೆ ಎರಡನೆಯ ಕೆಲಸವಾಗಿ ಅದನ್ನೇ ಸೂಚಿಸಿದ್ದೇವೆ.

ಇಲ್ಲಿ ಇನ್ನೊಂದು ಸೋಜಿಗವನ್ನು ಹೇಳದೆ ಮುಂದೆ ಹೋಗಲಾರೆವು. 1941ರ ಶರತ್ಕಾಲದಲ್ಲಿ ಸ್ಪಿಟ್‌ಫೈರಿನ ಐದನೆಯ ಅವತಾರಕ್ಕೆ ಸರಿಮಿಗಿಲಾದ ಜರ್ಮನ್ ವಿಮಾನವೊಂದು ಫ್ರಾನ್ಸಿನ ಮೇಲೆ ಕಾಣಿಸಿಕೊಂಡಿತು. ಅದೇ ಫಾಕೆ-ವುಲ್ಫ್ 190. ಡಿಯೆಪ್ಪಿನ ಮೇಲೆಯೂ ಅದೇ ಎದುರಾಳಿ. ಅದನ್ನು ರೂಪಿಸಿದವನು ಕುರ್ಟ್ ಟ್ಯಾಂಕ್. ಯುದ್ಧ ಮುಗಿದು ದಶಕವಾದ ಮೇಲೆ, 1956ರಲ್ಲಿ, ಆ ಟ್ಯಾಂಕನೇ ಬೆಂಗಳೂರಿಗೆ ಬಂದನು. ನಮ್ಮ ಕಾರ್ಖಾನೆಯ ಶಿಲ್ಪಿಗಳೊಡನೆ ಕುಳಿತು ‘ಮಾರುತ’ ಎಂಬ ಜೆಟ್ ವಿಮಾನವನ್ನು ರೂಪಿಸಿದನು. ಅದು 1961ರ ಜೂನ್ 17ರಂದು ಹಾರಿತು. ಮೈಸೂರಿನ ಹೆಸರಿನ ಪಡೆಯನ್ನು ಕಾಡಿದ ವಿಮಾನದ ಶಿಲ್ಪಿ ಮೈಸೂರು ರಾಜ್ಯದಲ್ಲಿಯೇ ಕೆಲಸಕ್ಕೆ ನಿಂತದ್ದನ್ನು ಕಥೆಯಲ್ಲಿ ಬರೆದರೆ ಯಾರೂ ನಂಬರು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಮಾರುತವನ್ನು ನಿಲ್ಲಿಸಿದ್ದಾರೆ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಅದು ದೂರವಲ್ಲ. ಇನ್ನೂ ಮುಂದೆ ಇಂದಿರಾನಗರದವರೆಗೆ ಹೋಗಿ ಬಸ್ಸು ಹಿಡಿದರೆ ಕಾರ್ಖಾನೆಯ ಸ್ವಂತ ವಸ್ತುಸಂಗ್ರಹಾಲಯವೂ ಸಿಕ್ಕುವುದು. ಬಣ್ಣ ಹಚ್ಚುವ ಮೊದಲು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ನಿಜವಾದ ವಿಮಾನದ ಮೈ ಎಲ್ಲಿ ಮಾಸುವುದು, ರಿವೆಟ್ಟಿನ ಸಾಲು ಎಲ್ಲಿ ಎದ್ದು ಕಾಣುವುದು, ಗಾಲಿಯ ಬಳಿ ಎಣ್ಣೆಯ ಕಲೆ ಹೇಗೆ ಹರಿಯುವುದು ಎಂಬುದನ್ನು ಚಿತ್ರಪುಸ್ತಕ ಕಲಿಸದು.

ಪೀಠದ ಮೇಲಿನ ಬರಹದ ವಿಷಯದಲ್ಲಿ ಹುಡುಗನಿಗೂ ನೆರೆಮನೆಯ ತಾತನಿಗೂ ಮೂರು ದಿನ ವಾದ ನಡೆಯಿತು. ‘ಮೈಸೂರು ಮಹಾರಾಜರ ಕಾಣಿಕೆ’ ಎಂದು ಇವನು; ‘ಮೈಸೂರು ಪ್ರಜೆಗಳ ಹಣ’ ಎಂದು ಅವರು. ಕಡೆಗೆ ಗಂಡಭೇರುಂಡದ ಕೆಳಗೆ ‘129ನೆಯ ಮೈಸೂರು ಪಡೆ, 1942. ಮೈಸೂರಿನ ಜನರ ದುಡ್ಡಿನಿಂದ’ ಎಂದು ಹುಡುಗ ತನ್ನ ಕೈಬರಹದಲ್ಲಿ ಬರೆದನು. ಹಕ್ಕಿಯ ಎರಡು ತಲೆಗಳಿಗೆ ಸಮನಾದ ಕೊಕ್ಕು ಬರೆಯುವುದಕ್ಕೆ ಅವನಿಗೆ ಇಡೀ ವಿಮಾನಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಇಡುವ ಸ್ಥಳದ ಬಗ್ಗೆ ಎರಡು ಮಾತು. ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಬಣ್ಣ ಮಾಸುವುದು, ರೆಕ್ಕೆ ಬಾಗುವುದು. ಬಟ್ಟೆಯಿಂದ ಒರಸಿದರೆ ಬಂದೂಕಿನ ಕೊಳವೆಯೋ ತಂತಿಯ ಕಂಬವೋ ಮುರಿಯದೆ ಇರದು. ಮೃದುವಾದ ಒಣಕುಂಚದಿಂದ ಧೂಳನ್ನು ಹಾರಿಸಬೇಕು. ಗಾಜಿನ ಕಪಾಟಿದ್ದರೆ ಎಲ್ಲಕ್ಕಿಂತ ಉತ್ತಮ. ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗಳವರು ಇದನ್ನೂ ಮೆಟ್ಟಿಲ ಮೇಲೆ ಇಡುವುದುಂಟು. ಪಟ್ಟದ ಗೊಂಬೆಗಳ ಸಾಲಿನಲ್ಲಿ ಬೇಡ. ಶೆಟ್ಟಿಯ ಅಂಗಡಿಯ ಪಕ್ಕದ ಮೆಟ್ಟಿಲಾದರೆ ಮಕ್ಕಳ ಕಣ್ಣಿಗೆ ಬೀಳುವುದು. ಬೊಂಬೆಬಾಗಿನಕ್ಕೆ ಬಂದ ಮಕ್ಕಳು ಕೈಚಾಚುವುದಕ್ಕೆ ಮುಂಚೆ ಒಂದು ಗಾಜಿನ ಮುಚ್ಚಳವನ್ನು ಕವುಚುವುದನ್ನು ಮಾತ್ರ ಮರೆಯಬಾರದು.